ಸರ್ಪಸುತ್ತಿನ ಲಸಿಕೆ: ಸಕ್ಕರೆ ಕಾಯಿಲೆಯಿರುವ ತಾಯಿಗೆ, ಒಮ್ಮೆ ಸರ್ಪಸುತ್ತು ಬಂದುಹೋದ ತಂದೆಗೆ ಹಾಕಿಸಬೇಕೇ?

ನೀವು ಕೇಳಿರುವುದು ಇಷ್ಟು: ತಾಯಿಗೆ 63 ವರ್ಷ, ಬಹಳ ದಿನದಿಂದ ಸಕ್ಕರೆ ಕಾಯಿಲೆ. ತಂದೆಗೆ 68, ಎರಡು ವರ್ಷದ ಹಿಂದೆ ಸರ್ಪಸುತ್ತು ಆಗಿ ವಾಸಿಯಾಗಿದೆ. ಡಾಕ್ಟರು ಇಬ್ಬರಿಗೂ ಶಿಂಗ್ರಿಕ್ಸ್ ಎಂಬ ಸರ್ಪಸುತ್ತಿನ ಲಸಿಕೆ ಹಾಕಿಸಿ ಎಂದಿದ್ದಾರೆ. ಬೆಲೆ ಕೇಳಿ ಹಿಂದೆಮುಂದೆ ನೋಡುತ್ತಿದ್ದೀರಿ, ಸದ್ಯಕ್ಕೆ ಇಬ್ಬರಿಗೂ ಒಂದೊಂದು ಡೋಸ್ ಹಾಕಿಸಿ ಸುಮ್ಮನಾದರೆ ಆಗದೇ ಎಂಬುದು ನಿಮ್ಮ ಪ್ರಶ್ನೆ.

ಇಬ್ಬರಿಗೂ ಹಾಕಿಸಬಹುದು. ದುಡ್ಡು ಒಬ್ಬರಿಗಷ್ಟೇ ಹೊಂದುವುದಾದರೆ ತಾಯಿಗೆ ಎರಡೂ ಡೋಸ್ ಮುಗಿಸಿ, ತಂದೆಯದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಇಬ್ಬರಿಗೆ ಒಂದೊಂದು ಎಂದು ಹಂಚುವುದು ಮಾತ್ರ ಬೇಡ. ಯಾಕೆಂದು ಹೇಳುತ್ತೇನೆ.

ಚಿಕ್ಕಂದಿನಲ್ಲಿ 'ಅಮ್ಮ' ಅಂದರೆ ಚಿಕನ್ ಪಾಕ್ಸ್ ಬಂದು ಹೋಯಿತಲ್ಲ, ಆ ವೈರಸ್ ಹೋಗಿರುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾಗಿಯೋ ಸ್ಟೆರಾಯ್ಡ್, ಕೀಮೋಥೆರಪಿಯಂಥ ಚಿಕಿತ್ಸೆಯಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗ ಒಂದು ನರದ ಜಾಡು ಹಿಡಿದು ಚರ್ಮಕ್ಕೆ ಇಳಿಯುತ್ತದೆ. ಪ್ರತಿ ನರಕ್ಕೂ ದೇಹದ ಒಂದೇ ಪಕ್ಕದಲ್ಲಿ ಒಂದು ಪಟ್ಟಿಯಷ್ಟು ಜಾಗ. ಗುಳ್ಳೆಗಳು ಬೆನ್ನಿನಿಂದ ಪಕ್ಕೆ ಬಳಸಿ ಎದೆಯ ನಡುಗೆರೆಗೆ ಬಂದು ನಿಲ್ಲುವುದು ಅದಕ್ಕೇ. ಹೆಡೆ ಬಾಲ ಕೂಡಿದರೆ ಪ್ರಾಣಕ್ಕೆ ಕುತ್ತು ಎಂದು ಹಳಬರು ಹೆದರಿಸುತ್ತಾರೆ. ಸಾಮಾನ್ಯವಾಗಿ ಅದು ಕೂಡುವುದೇ ಇಲ್ಲ, ನರದ ವ್ಯಾಪ್ತಿ ಅಲ್ಲಿಗೇ ಮುಗಿಯುತ್ತದೆ.

ಇಷ್ಟು ದುಡ್ಡು ಕೊಡುವುದು ಗುಳ್ಳೆಗೆ ಹೆದರಿ ಅಲ್ಲ. ಗುಳ್ಳೆ ಎರಡರಿಂದ ನಾಲ್ಕು ವಾರದಲ್ಲಿ ಒಣಗಿ ಉದುರುತ್ತದೆ. ಹೆದರಬೇಕಾದದ್ದು ಅದರ ನಂತರ ಉಳಿಯುವ ನೋವಿಗೆ. ಸರ್ಪಸುತ್ತು ಆದವರಲ್ಲಿ ನೂರಕ್ಕೆ 10ರಿಂದ 18 ಮಂದಿಗೆ ನರದ ನೋವು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಇರುತ್ತದೆ. ಬ್ಲೌಸಿನ ಬಟ್ಟೆ ತಾಗಿದರೂ ಉರಿ, ಫ್ಯಾನಿನ ಗಾಳಿಗೂ ಚುಚ್ಚು, ರಾತ್ರಿ ನಿದ್ದೆ ಇಲ್ಲ. ಇದಕ್ಕೆ ಕೊಡುವ ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಮಾತ್ರೆಗಳು ನೋವನ್ನು ತಗ್ಗಿಸುತ್ತವೆ, ಬೇರು ಸಮೇತ ಕೀಳುವುದಿಲ್ಲ. ಜೊತೆಗೆ ಮಂಪರು, ತಲೆಸುತ್ತು. 70 ದಾಟಿದವರು ಆ ಮಂಪರಿನಲ್ಲೇ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವ ಭಯ ಬೇರೆ. ವಯಸ್ಸು ಹೆಚ್ಚಿದಷ್ಟೂ ಈ ನೋವು ಉಳಿಯುವ ಸಂಭವ ಹೆಚ್ಚು.

ಈಗ ಲೆಕ್ಕ. ಶಿಂಗ್ರಿಕ್ಸ್‌ನ ಮುಖ್ಯ ಪರೀಕ್ಷೆಯಲ್ಲಿ 50 ದಾಟಿದವರನ್ನು ಸರಾಸರಿ 3.2 ವರ್ಷ ಗಮನಿಸಿದರು. ಲಸಿಕೆ ಪಡೆದ 7344 ಮಂದಿಯಲ್ಲಿ 6 ಜನಕ್ಕೆ ಸರ್ಪಸುತ್ತು ಬಂತು, ಔಷಧವಿಲ್ಲದ ಹುಸಿ ಇಂಜೆಕ್ಷನ್ ಪಡೆದ 7415 ಮಂದಿಯಲ್ಲಿ 210 ಜನಕ್ಕೆ. ಜಾಹೀರಾತಿನಲ್ಲಿ ಕಾಣುವ ಶೇ. 97 ಬಂದದ್ದು ಇಲ್ಲಿಂದ. 70 ಮೀರಿದವರ ಪರೀಕ್ಷೆಯಲ್ಲಿ ಅದು ಸುಮಾರು ಶೇ. 90. ಅದೇ ಅಂಕಿಯನ್ನು ಇನ್ನೊಂದು ಕಡೆಯಿಂದಲೂ ನೋಡಿ: ಲಸಿಕೆ ಇಲ್ಲದ ಸಾವಿರ ಜನರಲ್ಲಿ ವರ್ಷಕ್ಕೆ ಬರುತ್ತಿದ್ದುದು ಸುಮಾರು 9 ಜನಕ್ಕೆ. ಹತ್ತು ವರ್ಷಕ್ಕೆ ನೂರರಲ್ಲಿ 9 ಜನ. ಅಂದರೆ ಈ ವರ್ಷವೇ ಹಾಕಿಸದಿದ್ದರೆ ಕೆಟ್ಟೆವು ಎನ್ನುವಂಥದ್ದಲ್ಲ. ಆಸ್ಪತ್ರೆಯಲ್ಲಿ ಯಾರಾದರೂ ಇವತ್ತೇ ಎಂದು ಅವಸರ ಮಾಡಿಸಿದರೆ ಮನೆಗೆ ಬಂದು ಯೋಚಿಸಿ, ಏನೂ ನಷ್ಟವಿಲ್ಲ. ಹಾಗೆಂದು ಸಣ್ಣ ಅಪಾಯವೂ ಅಲ್ಲ. ಜೀವಮಾನದಲ್ಲಿ ಮೂವರಲ್ಲಿ ಒಬ್ಬರಿಗೆ ಬರುತ್ತದೆ ಎಂಬುದು ಅಮೆರಿಕದ ಅಂದಾಜು.

ಪರೀಕ್ಷೆಯ ಹೊರಗೆ, ಬಿಪಿ, ಶುಗರ್ ಎಲ್ಲ ಇರುವ ಸಾಮಾನ್ಯ ಹಿರಿಯರಲ್ಲಿ ಫಲ ಸ್ವಲ್ಪ ಕಡಿಮೆ. ಅಮೆರಿಕದಲ್ಲಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನ ದಾಖಲೆಗಳಲ್ಲಿ 65 ಮೀರಿದವರಿಗೆ ಎರಡು ಡೋಸ್‌ನಿಂದ ಸಿಕ್ಕ ರಕ್ಷಣೆ ಸುಮಾರು ಶೇ. 70, ಒಂದೇ ಡೋಸ್‌ನಿಂದ ಶೇ. 57. ಈ ಎರಡು ಸಂಖ್ಯೆ ನೋಡಿ ಒಂದೇ ಸಾಕಲ್ಲ ಎನಿಸುತ್ತದೆ. ಆದರೆ ಹತ್ತು ವರ್ಷ ದಾಟಿಯೂ ಲಸಿಕೆ ಕೆಲಸ ಮಾಡುತ್ತಿದೆ ಎಂದು ತೋರಿಸಿದ ಅಧ್ಯಯನ ಎರಡೂ ಡೋಸ್ ಪಡೆದವರನ್ನು ಕುರಿತದ್ದು. ಒಂದಕ್ಕೇ ನಿಲ್ಲಿಸುವುದೆಂದರೆ ಆ ಬಾಳಿಕೆಯನ್ನು ಕೈಬಿಟ್ಟು ಅರ್ಧ ಬೆಲೆ ತೆತ್ತಂತೆ.

ತಾಯಿಗೆ ಮೊದಲು ಎಂದದ್ದಕ್ಕೆ ಕಾರಣ, ಸಕ್ಕರೆ ಕಾಯಿಲೆ ಇರುವವರಿಗೆ ಸರ್ಪಸುತ್ತು ಬರುವ ಸಂಭವ ಹೆಚ್ಚು. ತಂದೆಗೆ ಈಚೆಗೆ ಬಂದುಹೋದದ್ದರಿಂದ ಅವರ ದೇಹ ಸದ್ಯಕ್ಕೆ ವೈರಸ್‌ನ ಮೇಲೆ ಕಣ್ಣಿಟ್ಟಿದೆ. ಆದರೆ ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಎಂಬ ಮಾತು ಸುಳ್ಳು. ಗುಳ್ಳೆ ಪೂರ್ತಿ ವಾಸಿಯಾಗಿದ್ದರೆ ಅವರಿಗೂ ಲಸಿಕೆ ಹಾಕಬಹುದು, ಎರಡು ವರ್ಷ ಕಳೆದಿರುವುದರಿಂದ ಕಾಯುವ ಮಾತೇ ಇಲ್ಲ. ಇಬ್ಬರಲ್ಲಿ ಯಾರಿಗಾದರೂ ಸಂಧಿವಾತಕ್ಕೆ ಟೋಫಾಸಿಟಿನಿಬ್‌ನಂಥ ಮಾತ್ರೆ, ಕ್ಯಾನ್ಸರ್ ಚಿಕಿತ್ಸೆ ಅಥವಾ ದೀರ್ಘಕಾಲದ ಸ್ಟೆರಾಯ್ಡ್ ಶುರುವಾಗುವುದಿದ್ದರೆ ಈ ಸರದಿಯೆಲ್ಲ ತಲೆಕೆಳಗು. ಅಂಥವರಿಗೇ ಮೊದಲು, ಅದೂ ಸಾಧ್ಯವಾದರೆ ಆ ಚಿಕಿತ್ಸೆಗೆ ಮುಂಚೆ.

ತಾಯಿಗೆ ಚಿಕನ್ ಪಾಕ್ಸ್ ಆಗಿತ್ತೋ ಇಲ್ಲವೋ ನೆನಪಿಲ್ಲ ಎಂದಿದ್ದೀರಿ. ಈ ವಯಸ್ಸಿನವರಿಗೆ ಅದಕ್ಕಾಗಿ ರಕ್ತಪರೀಕ್ಷೆ ಬೇಕಿಲ್ಲ. ಬೇರೆ ಕಾರಣಕ್ಕೆ ಪರೀಕ್ಷೆ ಮಾಡಿಸಿ ಆ ವೈರಸ್ಸೇ ತಗುಲಿಲ್ಲ ಎಂದು ಖಚಿತವಾಗಿದ್ದರೆ ಮಾತ್ರ ಶಿಂಗ್ರಿಕ್ಸ್ ಬದಲು ಚಿಕನ್ ಪಾಕ್ಸ್ ಲಸಿಕೆಯ ಬಗ್ಗೆ ಡಾಕ್ಟರನ್ನು ಕೇಳಬೇಕು. ಎರಡೂ ಬೇರೆ ಬೇರೆ ಲಸಿಕೆ, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಚಿಕನ್ ಪಾಕ್ಸ್ ಲಸಿಕೆ ದುರ್ಬಲಗೊಳಿಸಿದ ಜೀವಂತ ವೈರಸ್, ಶಿಂಗ್ರಿಕ್ಸ್‌ನಲ್ಲಿ ಜೀವಂತ ವೈರಸ್ ಇಲ್ಲ. ಇರುವುದು ವೈರಸ್‌ನ ಮೇಲ್ಮೈಯ ಒಂದು ಪ್ರೋಟೀನು 50 ಮೈಕ್ರೋಗ್ರಾಂ, ಜೊತೆಗೆ ದೇಹವನ್ನು ಬಡಿದೆಬ್ಬಿಸುವ ಪೂರಕ ದ್ರವ. ಹಾಗಾಗಿ ಲಸಿಕೆಯಿಂದಲೇ ಸರ್ಪಸುತ್ತು ಬರುವುದು ಸಾಧ್ಯವಿಲ್ಲ.

ಜಿಎಸ್‌ಕೆ ಕಂಪನಿ ಇದನ್ನು ಭಾರತದ ಮಾರುಕಟ್ಟೆಗೆ ತಂದದ್ದು 2023ರ ಏಪ್ರಿಲ್‌ನಲ್ಲಿ, 50 ದಾಟಿದವರಿಗಾಗಿ. ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿಲ್ಲ, ಪಿಎಚ್‌ಸಿಯಲ್ಲಿ ಕೇಳಿ ಪ್ರಯೋಜನವಿಲ್ಲ. ಡೋಸ್ ಒಂದಕ್ಕೆ ಹತ್ತು ಸಾವಿರ ರೂಪಾಯಿಗೂ ಮೇಲೆ. ಆಸ್ಪತ್ರೆಗೆ ದಾಖಲಾದರೆ ಮಾತ್ರ ದುಡ್ಡು ಕೊಡುವ ವಿಮೆಯಲ್ಲಿ ಇದು ಬರುವುದಿಲ್ಲ, ಒಪಿಡಿ ಸೌಲಭ್ಯವಿದ್ದರೆ ಪಾಲಿಸಿಯಲ್ಲಿ ಲಸಿಕೆ ಸೇರಿದೆಯೇ ನೋಡಿ. ಎರಡನೇ ಡೋಸ್ 2ರಿಂದ 6 ತಿಂಗಳೊಳಗೆ. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ 1ರಿಂದ 2 ತಿಂಗಳಿಗೇ ಕೊಡುವುದುಂಟು. ನಡುವೆ ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ದಾಟಿತು ಎನ್ನಿ, ಮೊದಲಿನಿಂದ ಶುರು ಮಾಡಬೇಕಿಲ್ಲ, ಬಂದ ಮೇಲೆ ಎರಡನೆಯದನ್ನಷ್ಟೇ ಹಾಕಿಸಿ. ನಾಲ್ಕು ವಾರಕ್ಕೂ ಮುಂಚೆ ಹಾಕಿಬಿಟ್ಟರೆ ಆ ಡೋಸ್ ಲೆಕ್ಕಕ್ಕಿಲ್ಲ, ಮತ್ತೊಮ್ಮೆ ಹಾಕಿಸಬೇಕಾಗುತ್ತದೆ.

ಕ್ಲಿನಿಕ್‌ನಲ್ಲಿ ತಪ್ಪಾಗುವುದು ಮುಖ್ಯವಾಗಿ ಮೂರು ಕಡೆ. ಒಂದು, ಪೆಟ್ಟಿಗೆಯಲ್ಲಿ ಎರಡು ಸೀಸೆ ಇರುತ್ತವೆ: ಒಂದರಲ್ಲಿ ಪುಡಿ, ಇನ್ನೊಂದರಲ್ಲಿ ದ್ರವ. ಆ ದ್ರವ ಬರೀ ನೀರಲ್ಲ, ಅದೇ ಪೂರಕ. ದ್ರವವನ್ನು ಪೂರ್ತಿ ಪುಡಿಗೆ ಸೇರಿಸಿ ಮೆಲ್ಲಗೆ ಕರಗಿಸಿ 0.5 ಮಿ.ಲೀ. ಎಳೆಯಬೇಕು. ದ್ರವವೊಂದನ್ನೇ ಚುಚ್ಚಿದರೆ ನೋವು ಮಾತ್ರ ಸಿಗುತ್ತದೆ, ರಕ್ಷಣೆ ಇಲ್ಲ. ಬೆರೆಸಿದ ಮೇಲೆ ಆರು ಗಂಟೆಯೊಳಗೆ ಹಾಕಬೇಕು. ಎದುರಿಗೇ ಬೆರೆಸಿ ಎಂದು ಕೇಳಲು ಸಂಕೋಚ ಬೇಡ. ಎರಡು, ಇಂಜೆಕ್ಷನ್ ಹೋಗಬೇಕಾದದ್ದು ಭುಜದ ಮಾಂಸಖಂಡಕ್ಕೆ. ಚರ್ಮದಡಿಯ ಕೊಬ್ಬಿಗೆ ಹೋದರೆ ಊತ, ಕೆಂಪು ಹೆಚ್ಚು. ಮೂರು, ತಣ್ಣಗಿಡುವುದು. ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಿದರೆ ಎಸೆಯುವುದೇ ದಾರಿ. ನೀವೇ ಮೆಡಿಕಲ್ ಶಾಪಿನಿಂದ ಕೊಂಡು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಹೊತ್ತು ತರುವ ಸಾಹಸಕ್ಕಿಂತ ಲಸಿಕೆ ಇಟ್ಟಿರುವ ಕ್ಲಿನಿಕ್‌ನಲ್ಲೇ ಹಾಕಿಸುವುದು ಒಳ್ಳೆಯದು. ತರಲೇಬೇಕಾದರೆ ಐಸ್ ಪ್ಯಾಕ್‌ಗೆ ಪೆಟ್ಟಿಗೆ ನೇರವಾಗಿ ತಾಗದಂತೆ ನಡುವೆ ದಪ್ಪ ಬಟ್ಟೆ ಸುತ್ತಿ.

ಇದು ಫ್ಲೂ ಲಸಿಕೆಯಷ್ಟು ಸೌಮ್ಯವಲ್ಲ, ಅದನ್ನು ಮೊದಲೇ ತಾಯಿಗೆ ತಿಳಿಸಿ. ಪರೀಕ್ಷೆಗಳಲ್ಲಿ ನೂರಕ್ಕೆ 78 ಮಂದಿಗೆ ತೋಳುನೋವು, ಸುಮಾರು 45 ಮಂದಿಗೆ ಮೈಕೈ ನೋವು, ಅಷ್ಟೇ ಮಂದಿಗೆ ಸುಸ್ತು, 20ರಷ್ಟು ಜನಕ್ಕೆ ಜ್ವರ. ಆರರಲ್ಲಿ ಒಬ್ಬರಿಗೆ ದಿನದ ಕೆಲಸ ಮಾಡಲಾಗದಷ್ಟು ತೊಂದರೆ. ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಮದುವೆ, ಹಬ್ಬ, ಪ್ರಯಾಣದ ಹಿಂದಿನ ದಿನ ಹಾಕಿಸಬೇಡಿ. ಇಬ್ಬರಿಗೂ ಒಂದೇ ದಿನವೂ ಬೇಡ, ಅಡುಗೆ ಮಾಡಲು, ನೋಡಿಕೊಳ್ಳಲು ಒಬ್ಬರಾದರೂ ಎದ್ದು ಓಡಾಡುತ್ತಿರಲಿ. ಜ್ವರ, ನೋವು ಬಂದ ಮೇಲೆ ಪ್ಯಾರಾಸಿಟಮಾಲ್ ಕೊಡಿ, ಬರುವ ಮುಂಚೆಯೇ ನುಂಗಿಸಬೇಡಿ. ಜ್ವರದಲ್ಲಿ ಊಟ ಸೇರದೆ ಇನ್ಸುಲಿನ್ ಅಥವಾ ಮಾತ್ರೆ ಮಾತ್ರ ಎಂದಿನಂತೆ ಹೋದರೆ ಸಕ್ಕರೆ ಕುಸಿಯಬಹುದು, ಆ ಎರಡು ದಿನ ಗ್ಲೂಕೋಮೀಟರ್ ಕೈಗೆಟುಕುವಂತಿರಲಿ. ಮೊದಲ ಡೋಸ್‌ಗೆ ಜ್ವರ ಬಂತೆಂದು ಎರಡನೆಯದನ್ನು ಬಿಡುವವರು ಬಹಳ. ಎರಡನೇ ಡೋಸ್ ಬಿಡಲು ಜ್ವರ ಕಾರಣವಲ್ಲ. ಮುಖ ಊದಿ ಉಸಿರು ಕಟ್ಟುವಂಥ ಅಲರ್ಜಿ ಆಗಿದ್ದರೆ ಮಾತ್ರ ಬಿಡಬೇಕು.

ಅಪರೂಪದ ಒಂದು ಅಪಾಯವನ್ನು ಮುಚ್ಚಿಡಬಾರದು. ಗಿಲ್ಲನ್ ಬಾರೆ ಎಂಬ, ಕೈಕಾಲಿನ ಬಲ ಕುಂದಿಸುವ ನರಗಳ ಕಾಯಿಲೆ 65 ಮೀರಿದವರಲ್ಲಿ ಹತ್ತು ಲಕ್ಷ ಡೋಸ್‌ಗೆ ಸುಮಾರು 3ರಷ್ಟು ಹೆಚ್ಚು ಕಂಡಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಎಚ್ಚರಿಕೆ ಸೇರಿಸಿತು. ಹಿಂದೆ ಈ ಕಾಯಿಲೆ ಆಗಿದ್ದವರು ಡಾಕ್ಟರಿಗೆ ಹೇಳಲೇಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರೂ ಮೊದಲೇ ಹೇಳಿ, ಸಣ್ಣ ಸೂಜಿಯಲ್ಲಿ ಹಾಕಿ ಎರಡು ನಿಮಿಷ ಒತ್ತಿ ಹಿಡಿದರೆ ಸಾಕು. ಅಂದು ಜ್ವರವಿದ್ದರೆ ಮುಂದೂಡಿ.

ಲಸಿಕೆ ಹಾಕಿಸಿದರೂ ಬಿಟ್ಟರೂ ಮನೆಯವರೆಲ್ಲ ತಿಳಿದಿರಬೇಕಾದದ್ದು 72 ಗಂಟೆಯ ಲೆಕ್ಕ. ಮೊದಲು ಒಂದೇ ಪಕ್ಕದಲ್ಲಿ ಉರಿ, ಚುಚ್ಚು. ಎದೆಯಲ್ಲಾದರೆ ಹೃದಯದ ನೋವೆಂದೂ ಸೊಂಟದಲ್ಲಾದರೆ ಕಿಡ್ನಿ ಕಲ್ಲೆಂದೂ ಅನಿಸುತ್ತದೆ. ಕೆಲವು ದಿನದಲ್ಲಿ ಅದೇ ಜಾಗದಲ್ಲಿ ಗೊಂಚಲು ಗುಳ್ಳೆ. ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾಗಬೇಕು: ವ್ಯಾಲಸೈಕ್ಲೋವಿರ್ 1 ಗ್ರಾಂ ದಿನಕ್ಕೆ ಮೂರು ಸಲ, ಇಲ್ಲವೇ ಅಸೈಕ್ಲೋವಿರ್ 800 ಮಿ.ಗ್ರಾಂ ದಿನಕ್ಕೆ ಐದು ಸಲ, ಏಳು ದಿನ. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ಇಳಿಸಬೇಕು, ಆದ್ದರಿಂದ ಡಾಕ್ಟರು ಬರೆದುಕೊಟ್ಟ ಮೇಲೆಯೇ. ಕೆಮ್ಮಣ್ಣು ಹಚ್ಚಿ ಮಂತ್ರ ಹಾಕಿಸಿದವರಿಗೂ ಗುಳ್ಳೆ ವಾಸಿಯಾಗುತ್ತದೆ, ಯಾಕೆಂದರೆ ಅದು ತಾನಾಗಿಯೇ ವಾಸಿಯಾಗುವಂಥದ್ದು. ಅಷ್ಟರಲ್ಲಿ ಮಾತ್ರೆಯ ಸಮಯ ಮೀರಿರುತ್ತದೆ. ಮನೆಯ ಸಮಾಧಾನಕ್ಕೆ ಕುಕ್ಕೆಗೆ ಹರಕೆ ಹೊತ್ತುಕೊಳ್ಳಿ, ಮಾತ್ರೆ ಅದೇ ಸಂಜೆ ಶುರುವಾಗಲಿ. ಗುಳ್ಳೆಗೆ ಮಣ್ಣು ಮೆತ್ತಬೇಡಿ, ಕೀವಾಗುತ್ತದೆ. ಗುಳ್ಳೆ ಒಣಗುವವರೆಗೆ ಬಟ್ಟೆಯಿಂದ ಮುಚ್ಚಿಡಿ, ಚಿಕನ್ ಪಾಕ್ಸ್ ಆಗದ ಬಸುರಿಯರು, ಹಸುಗೂಸುಗಳು ಹತ್ತಿರ ಬರದಿರಲಿ.

ಹಣೆಯಲ್ಲಿ, ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ 72 ಗಂಟೆಯನ್ನೂ ಕಾಯಬೇಡಿ. ದೃಷ್ಟಿಗೇ ಹೊಡೆತ ಬೀಳಬಹುದು, ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ.