ಸಂಪಾದಕರ ಉತ್ತರ: ಹಿಸ್ಟೀರಿಯಮ್‌ನ ಬಿಳಿ ಗೌನು

ಮೈಸೂರಿನ ಹಿರಿಯ ಓದುಗರೊಬ್ಬರು ಬರೆದಿರುವ ಪತ್ರದ ಸಾರ ಇದು. ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಮೊಮ್ಮಗನ ಹೈಸ್ಕೂಲಿನಲ್ಲಿ ‘ಎ ಫನ್ನಿ ಥಿಂಗ್ ಹ್ಯಾಪನ್ಡ್ ಆನ್ ದ ವೇ ಟು ದ ಫೋರಮ್’ ಎಂಬ ಹಾಡುನಾಟಕ ನೋಡಿದ್ದಾರೆ. ಮೊಮ್ಮಗನದು ಹಿಸ್ಟೀರಿಯಮ್ ಎಂಬ ಗುಲಾಮನ ಪಾತ್ರ. ಎರಡನೇ ಅಂಕದಲ್ಲಿ ಹುಡುಗ ವಿಗ್ಗು, ಬಿಳಿ ಗೌನು ಹಾಕಿಕೊಂಡು ಬಂದಾಗ ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತಂತೆ. ಅಜ್ಜನಿಗೆ ಮಾತ್ರ ಕಸಿವಿಸಿ. “ಇಂಥ ನಾಟಕದಲ್ಲಿ ನಟನೆ ಅಂತ ಏನಿರುತ್ತೆ? ಓಡಾಟ, ಕೂಗಾಟ, ವೇಷ ಬದಲಿಸೋದು, ಅಷ್ಟೇ ಅಲ್ವಾ? ಇದನ್ನು ಮೊದಲು ಆಡಿದವರು ಯಾರು? ಆಮೇಲೆ ಅವರು ಏನಾದರು?” ಎಂದು ಕೇಳಿದ್ದಾರೆ.

ನಮಸ್ಕಾರ. ನಿಮ್ಮ ಪತ್ರ ಓದಿ ನನಗೆ ಬಹಳ ಸಂತೋಷವಾಯಿತು. ಸಾಮಾನ್ಯವಾಗಿ ಇಂಥ ಪ್ರಶ್ನೆಗೆ ನಾಲ್ಕು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸುತ್ತೇನೆ. ಆದರೆ ನೀವು ಹೇಳಿದ ಆ ಬಿಳಿ ಗೌನಿನ ದೃಶ್ಯ ನನಗೆ ತುಂಬ ಹತ್ತಿರದ್ದು. ಅದನ್ನು ಮೊದಲು ಆಡಿದ ಇಬ್ಬರ ಕತೆ ಗೊತ್ತಾದರೆ ನಿಮ್ಮ ಕಸಿವಿಸಿ ಸ್ವಲ್ಪ ಕಡಿಮೆಯಾಗಬಹುದು. ಹಾಗಾಗಿ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನಾಟಕದ ಬಗ್ಗೆ ಎರಡು ಮಾತು. ಎರಡು ಸಾವಿರ ವರ್ಷಗಳಿಗೂ ಹಿಂದೆ ರೋಮಿನಲ್ಲಿ ಪ್ಲಾಟಸ್ ಎಂಬ ನಾಟಕಕಾರ ಇದ್ದ. ಅವನ ಹಾಸ್ಯನಾಟಕಗಳಿಂದ ಪಾತ್ರಗಳನ್ನೂ ಸಂದರ್ಭಗಳನ್ನೂ ತೆಗೆದುಕೊಂಡು ಬರ್ಟ್ ಶೆವಲವ್ ಮತ್ತು ಲ್ಯಾರಿ ಗೆಲ್ಬಾರ್ಟ್ ಇದನ್ನು ಬರೆದರು. ಹಾಡುಗಳು ಸ್ಟೀಫನ್ ಸಾಂಡ್‌ಹೈಮ್ ಅವರವು. ಸಾಹಿತ್ಯ, ಸಂಗೀತ ಎರಡನ್ನೂ ಅವರೇ ಮಾಡಿದ ಮೊದಲ ಬ್ರಾಡ್‌ವೇ (ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ) ನಾಟಕ ಇದು. ಕತೆ ಸರಳ. ಸೂಡಲಸ್ ಎಂಬ ಗುಲಾಮನಿಗೆ ಬಿಡುಗಡೆ ಬೇಕು. ಯಜಮಾನನ ಮಗನಿಗೆ ಪಕ್ಕದ ಮನೆಯ ಹುಡುಗಿ ಬೇಕು. ಅವಳನ್ನು ದೊರಕಿಸಿಕೊಟ್ಟರೆ ನಿನಗೆ ಬಿಡುಗಡೆ ಅಂತ ಒಪ್ಪಂದ. ಒಂದು ಬೀದಿ, ಮೂರು ಮನೆ, ಒಂದೇ ದಿನ. ಸುಳ್ಳಿನ ಮೇಲೆ ಸುಳ್ಳು ಪೇರಿಸುತ್ತಾ ಹೋಗಿ ಕೊನೆಗೆ ಇಡೀ ಬೀದಿಯೇ ಓಡತೊಡಗುತ್ತದೆ.

ನ್ಯೂಯಾರ್ಕಿನ ಆಲ್ವಿನ್ ಥಿಯೇಟರಿನಲ್ಲಿ 1962ರ ಮೇ 8ರಂದು ಇದು ಶುರುವಾಯಿತು. 964 ಪ್ರದರ್ಶನ ಕಂಡಿತು. ಸೂಡಲಸ್ ಆಗಿದ್ದವರು ಝೀರೊ ಮಾಸ್ಟೆಲ್. ನಿಮ್ಮ ಮೊಮ್ಮಗ ಮಾಡಿದ ಹಿಸ್ಟೀರಿಯಮ್ ಪಾತ್ರ ಜ್ಯಾಕ್ ಗಿಲ್ಫರ್ಡ್ ಅವರದು.

ಈ ಇಬ್ಬರೂ ಅದಕ್ಕೆ ಮುಂಚೆ ಹತ್ತು ವರ್ಷ ಹೇಗೆ ಬದುಕಿದ್ದರು ಅಂತ ಕೇಳಿ.

1950ರ ದಶಕದಲ್ಲಿ ಅಮೆರಿಕದ ಸಂಸತ್ತಿನ ಒಂದು ಸಮಿತಿ ಸಿನಿಮಾ, ನಾಟಕ, ಟಿವಿಯವರನ್ನು ಕರೆಸಿ ವಿಚಾರಣೆ ಮಾಡುತ್ತಿತ್ತು. ನೀನು ಕಮ್ಯುನಿಸ್ಟಾ? ನಿನ್ನ ಜೊತೆ ಇನ್ಯಾರಿದ್ದರು, ಹೆಸರು ಹೇಳು. ಹೇಳಿದರೆ ಪಾರು. ಹೇಳದಿದ್ದರೆ ಕಪ್ಪುಪಟ್ಟಿ. ಪಟ್ಟಿಗೆ ಸೇರಿದವರಿಗೆ ಸಿನಿಮಾ, ಟಿವಿಯಲ್ಲಿ ಕೆಲಸ ಸಿಗುವುದೇ ಕಷ್ಟವಾಗಿತ್ತು. ಮಾಸ್ಟೆಲ್ ಅವರನ್ನು 1955ರಲ್ಲಿ ಕರೆಸಿದರು. ತಮ್ಮ ಬಗ್ಗೆ ಮಾತಾಡಲು ತಯಾರಿದ್ದರು, ಬೇರೆಯವರ ಹೆಸರು ಮಾತ್ರ ಹೇಳಲಿಲ್ಲ. ಅಷ್ಟರಲ್ಲಾಗಲೇ ಹಾಲಿವುಡ್ಡಿನ ಬಾಗಿಲು ಮುಚ್ಚಿತ್ತು. ಸುಮಾರು ಹದಿನೈದು ವರ್ಷ ಅವರು ಯಾವ ಹಾಲಿವುಡ್ ಸಿನಿಮಾದಲ್ಲೂ ಕಾಣಿಸಲಿಲ್ಲ. ಮೂಲತಃ ಚಿತ್ರಕಾರರು, ಕೆಲಸ ಇಲ್ಲದ ಆ ದಿನಗಳಲ್ಲಿ ತಮ್ಮ ಸ್ಟುಡಿಯೋದಲ್ಲಿ ಕುಂಚ ಹಿಡಿದು ಕೂತರು. ಗಿಲ್ಫರ್ಡ್ ಮತ್ತು ಅವರ ಹೆಂಡತಿ, ನಟಿ ಮ್ಯಾಡಲಿನ್ ಲೀ, ಇಬ್ಬರ ಹೆಸರೂ ಕಪ್ಪುಪಟ್ಟಿಯಲ್ಲಿ ಇತ್ತು. ಮನೆಯಲ್ಲಿ ದುಡಿಯುವ ಇಬ್ಬರಿಗೂ ಒಟ್ಟಿಗೆ ಕೆಲಸ ತಪ್ಪಿದರೆ ಆ ಸಂಸಾರ ಹೇಗೆ ನಡೆದಿರಬೇಕು, ಯೋಚಿಸಿ.

ಮಾಸ್ಟೆಲ್ ಅವರಿಗೆ ಇನ್ನೊಂದು ಪೆಟ್ಟೂ ಬಿತ್ತು. 1960ರ ಜನವರಿಯಲ್ಲಿ ನ್ಯೂಯಾರ್ಕಿನ ಬಸ್ಸೊಂದು ಅವರಿಗೆ ಡಿಕ್ಕಿ ಹೊಡೆದು ಒಂದು ಕಾಲು ನಜ್ಜುಗುಜ್ಜಾಯಿತು. ಕಾಲು ಕತ್ತರಿಸಬೇಕು ಎಂದರು ವೈದ್ಯರು. ಇವರು ಒಪ್ಪಲಿಲ್ಲ. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿ, ಹೇಗೋ ಕಾಲು ಉಳಿಸಿಕೊಂಡರು. ನೋವು ಮಾತ್ರ ಕಡೆವರೆಗೂ ಹೋಗಲಿಲ್ಲ. ಆಸ್ಪತ್ರೆಯಿಂದ ಹೊರಬಂದ ಎರಡೇ ವರ್ಷಕ್ಕೆ ಆ ದೊಡ್ಡ ಮೈ ಹೊತ್ತುಕೊಂಡು, ಅದೇ ಕಾಲಿನಲ್ಲಿ, ಈ ಓಡಾಟದ ನಾಟಕ ಆಡಿದರು. ನೀವು ‘ಓಡಾಟ ಅಷ್ಟೇ ಅಲ್ವಾ’ ಅಂತ ಬರೆದ ಸಾಲು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಕಾಲು.

ಇನ್ನು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ನ್ಯೂಯಾರ್ಕಿಗೆ ಬರುವ ಮುಂಚೆ ನಾಟಕವನ್ನು ವಾಷಿಂಗ್ಟನ್ನಿನಲ್ಲಿ ಆಡಿದರು. ಜನ ನಗಲೇ ಇಲ್ಲ. ಆಸನಗಳು ಖಾಲಿ. ನಿರ್ದೇಶಕ ಜಾರ್ಜ್ ಆಬಟ್ ಹಾಸ್ಯನಾಟಕದಲ್ಲಿ ಪಳಗಿದ ಕೈ. ಅವರಿಗೂ ಎಲ್ಲಿ ತಪ್ಪುತ್ತಿದೆ ಅಂತ ಹೊಳೆಯಲಿಲ್ಲ. ಆಗ ನಿರ್ಮಾಪಕ ಹೆರಾಲ್ಡ್ ಪ್ರಿನ್ಸ್, ಜೆರೋಮ್ ರಾಬಿನ್ಸ್ ಎಂಬ ಪ್ರಸಿದ್ಧ ನೃತ್ಯ ನಿರ್ದೇಶಕರನ್ನು ಸಹಾಯಕ್ಕೆ ಕರೆಯಬೇಕೆಂದುಕೊಂಡರು.

ಈ ರಾಬಿನ್ಸ್ ಯಾರು ಗೊತ್ತೇ? 1953ರಲ್ಲಿ ಅದೇ ಸಮಿತಿಯ ಮುಂದೆ ಕೂತು ಹೆಸರುಗಳನ್ನು ಹೇಳಿದವರು. ಅವರು ಹೇಳಿದ ಹೆಸರುಗಳಲ್ಲಿ ಒಂದು, ಗಿಲ್ಫರ್ಡ್ ಅವರ ಹೆಂಡತಿ ಮ್ಯಾಡಲಿನ್ ಲೀ ಅವರದು.

ಅವರನ್ನು ಕರೆಸಬಹುದಾ ಅಂತ ಪ್ರಿನ್ಸ್ ಮಾಸ್ಟೆಲ್ ಅವರನ್ನು ಕೇಳಿದರು. ಮಾಸ್ಟೆಲ್ ಒಪ್ಪಿದರು. ಆ ಮನುಷ್ಯನ ಜೊತೆ ಊಟಕ್ಕೆ ಕೂರಬೇಕಿಲ್ಲ ತಾನೇ, ಕೆಲಸ ಮಾಡುತ್ತೇನೆ, ಎಡಪಂಥದವರು ಯಾರನ್ನೂ ಕಪ್ಪುಪಟ್ಟಿಗೆ ಹಾಕುವುದಿಲ್ಲ ಎಂಬ ಅರ್ಥದಲ್ಲಿ ಉತ್ತರ ಕೊಟ್ಟರಂತೆ. ಗಿಲ್ಫರ್ಡ್ ಅವರಿಗೆ ಇದು ಇನ್ನೂ ಕಷ್ಟ. ನಾಟಕವನ್ನೇ ಬಿಟ್ಟುಬಿಡೋಣ ಅಂತ ಯೋಚಿಸಿದರು. ಬೇಡ ಎಂದವರು ಮ್ಯಾಡಲಿನ್. ಬೇರೆಯವರು ನಮ್ಮ ಕೆಲಸ ಕಿತ್ತುಕೊಂಡದ್ದು ಸಾಲದೆ, ನಮ್ಮನ್ನು ನಾವೇ ಯಾಕೆ ಹೊರಗೆ ಹಾಕಿಕೊಳ್ಳಬೇಕು ಎಂಬುದು ಅವರ ಮಾತಿನ ತಾತ್ಪರ್ಯ. ನನಗೆ ಈ ಇಡೀ ಕತೆಯಲ್ಲಿ ಅತ್ಯಂತ ದೊಡ್ಡವರಾಗಿ ಕಾಣುವುದು ಆ ಹೆಣ್ಣುಮಗಳೇ.

ರಾಬಿನ್ಸ್ ಬಂದರು, ನಾಟಕ ನೋಡಿದರು, ತಪ್ಪು ಎಲ್ಲಿದೆ ಅಂತ ಕಂಡುಹಿಡಿದರು. ಆಗ ನಾಟಕ ಶುರುವಾಗುತ್ತಿದ್ದದ್ದು ಪ್ರೀತಿಯ ಬಗ್ಗೆ ಒಂದು ಮೆಲುವಾದ ಹಾಡಿನಿಂದ. ಜನ ಅದನ್ನು ಕೇಳಿ, ಇದೇನೋ ನವಿರಾದ ಪ್ರೇಮಕತೆ ಅಂದುಕೊಂಡು ಕೂರುತ್ತಿದ್ದರು. ಹಿಂದೆಯೇ ಗಲಾಟೆ ಶುರುವಾದರೆ ಅವರಿಗೆ ದಿಕ್ಕೇ ತಿಳಿಯುತ್ತಿರಲಿಲ್ಲ. ಇವತ್ತು ರಾತ್ರಿ ನೀವು ನಗಲು ಬಂದಿದ್ದೀರಿ ಅಂತ ಮೊದಲೇ ಹೇಳಿಬಿಡಿ ಎಂದರು ರಾಬಿನ್ಸ್. ಸಾಂಡ್‌ಹೈಮ್ ಕೂತು ‘ಕಾಮಿಡಿ ಟುನೈಟ್’ ಬರೆದರು. ಮಾಸ್ಟೆಲ್ ಮುಂದೆ ನಿಂತು ಆ ಹಾಡು ಹೇಳುತ್ತಾ ಸಭೆಯನ್ನು ನೇರವಾಗಿ ಮಾತಾಡಿಸಿ, ತಂಡವನ್ನೆಲ್ಲ ಪರಿಚಯಿಸಿದರು. ಉಳಿದ ನಾಟಕದಲ್ಲಿ ಅಂಥ ದೊಡ್ಡ ಬದಲಾವಣೆ ಏನೂ ಆಗಲಿಲ್ಲ. ಆದರೂ ನ್ಯೂಯಾರ್ಕಿನ ಜನ ಮೊದಲ ಹಾಡಿನಿಂದಲೇ ನಗತೊಡಗಿದರು.

ಕಂಪನಿ ನಾಟಕ ನೋಡುತ್ತಲೇ ಬೆಳೆದವನು ನಾನು ಅಂತ ನೀವು ಬರೆದಿದ್ದೀರಿ. ಹಾಗಾದರೆ ಇದು ನಿಮಗೆ ಬೇಗ ಅರ್ಥವಾಗುತ್ತದೆ. ಸಭೆಯನ್ನು ಮೊದಲು ತನ್ನ ಕಡೆ ಎಳೆದುಕೊಳ್ಳುವುದು ಎಷ್ಟು ದೊಡ್ಡ ವಿದ್ಯೆ ಅಂತ ಕಂಪನಿ ನಟರಿಗೆ ಗೊತ್ತಿತ್ತು. ಗುಬ್ಬಿ ವೀರಣ್ಣನವರು ಕಂಪನಿಯ ಮಾಲೀಕರಾಗಿದ್ದರೂ ಹಾಸ್ಯಪಾತ್ರಗಳಿಂದಲೇ ಹೆಸರಾದವರು, ಅಲ್ವಾ?

ಈಗ ನಿಮ್ಮ ಬಿಳಿ ಗೌನಿಗೆ ಬರೋಣ. ದೃಶ್ಯ ನಿಮಗೆ ನೆನಪಿರಬಹುದು. ಹುಡುಗಿ ಸತ್ತುಹೋದಳು ಅಂತ, ಅವಳನ್ನು ಕೊಂಡಿದ್ದ ಸೇನಾಧಿಪತಿಯನ್ನು ನಂಬಿಸಬೇಕು. ಅದಕ್ಕೊಂದು ಹೆಣ ಬೇಕು. ಸೂಡಲಸ್ ಹಿಸ್ಟೀರಿಯಮ್‌ಗೆ ಹೆಣ್ಣುವೇಷ ಹಾಕಿಸುತ್ತಾನೆ. ಹಿಸ್ಟೀರಿಯಮ್ ನಿಯಮ ಮೀರದ, ಎಲ್ಲದಕ್ಕೂ ಹೆದರುವ ಮನುಷ್ಯ. ಗಡಗಡ ನಡುಗುತ್ತಿದ್ದಾನೆ. ಅವನನ್ನು ಸಮಾಧಾನ ಮಾಡಲು ಸೂಡಲಸ್ ‘ಲವ್ಲಿ’ ಎಂಬ ಹಾಡು ಹಾಡುತ್ತಾನೆ. ಅದೇ ಹಾಡನ್ನು ಮೊದಲ ಅಂಕದಲ್ಲಿ ಪ್ರೇಮಿಗಳು ನಿಜವಾಗಿ ಹಾಡಿಕೊಂಡಿರುತ್ತಾರೆ. ನೀನು ಸುಂದರವಾಗಿದ್ದೀಯ ಅಂತ ಇವನು ಹೇಳುತ್ತಾ ಹೋದ ಹಾಗೆ, ಅವನ ಮುಖದಲ್ಲಿ ಹೆದರಿಕೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಹೌದೇನೋ ಅನಿಸತೊಡಗುತ್ತದೆ. ಕೊನೆಗೆ ನಂಬಿಯೇ ಬಿಡುತ್ತಾನೆ, ತಾನೂ ದನಿ ಸೇರಿಸುತ್ತಾನೆ.

ಜನ ನಗುವುದು ವೇಷಕ್ಕಲ್ಲ. ವೇಷ ಕಂಡ ನಗು ಅರ್ಧ ನಿಮಿಷಕ್ಕೆ ಮುಗಿದುಹೋಗುತ್ತದೆ. ಆಮೇಲೆ ನಗಿಸುವುದು ಆ ನಂಬಿಕೆ. ಅದನ್ನು ನಟ ನಿಜವಾಗಿ ನಂಬಿ ಆಡಬೇಕು, ಇಲ್ಲದಿದ್ದರೆ ದೃಶ್ಯ ಸತ್ತುಹೋಗುತ್ತದೆ. ತಾನು ತಮಾಷೆ ಮಾಡುತ್ತಿದ್ದೇನೆ ಅಂತ ಒಂದು ಕ್ಷಣ ತೋರಿಸಿಕೊಂಡರೂ ಮುಗಿಯಿತು. ಇದು ನಟನೆ ಅಲ್ಲದೆ ಇನ್ನೇನು? ಸಿನಿಮಾ, ಟಿವಿಯವರಿಂದ ವರ್ಷಗಟ್ಟಲೆ ನೀವು ಬೇಡ ಅಂತ ಹೇಳಿಸಿಕೊಂಡ ಇಬ್ಬರು ನಟರು ರಂಗದ ಮೇಲೆ ಎದುರುಬದುರು ನಿಂತು ಇದನ್ನು ಹಾಡಿದರು ಅಂತ ನೆನೆದರೆ ನನಗೆ ಗಂಟಲು ಕಟ್ಟುತ್ತದೆ.

ಆಮೇಲೆ ಏನಾದರು ಅಂತ ಕೇಳಿದ್ದೀರಿ. ಮಾಸ್ಟೆಲ್‌ಗೆ 1963ರಲ್ಲಿ ಈ ಪಾತ್ರಕ್ಕೆ ಟೋನಿ ಪ್ರಶಸ್ತಿ ಬಂತು, ಬ್ರಾಡ್‌ವೇ ನಾಟಕಗಳಿಗೆ ಕೊಡುವ ದೊಡ್ಡ ಪ್ರಶಸ್ತಿ ಅದು. ಮುಂದಿನ ವರ್ಷ ‘ಫಿಡ್ಲರ್ ಆನ್ ದ ರೂಫ್’ ನಾಟಕದಲ್ಲಿ ಹಾಲು ಮಾರುವ ಟೆವ್ಯಾ ಆದರು. ಅದರ ನಿರ್ದೇಶಕರು ಮತ್ತೆ ರಾಬಿನ್ಸ್! 1968ರಲ್ಲಿ ‘ದ ಪ್ರೊಡ್ಯೂಸರ್ಸ್’ ಸಿನಿಮಾ. 1976ರಲ್ಲಿ ‘ದ ಫ್ರಂಟ್’ ಎಂಬ ಸಿನಿಮಾದಲ್ಲಿ, ಕಪ್ಪುಪಟ್ಟಿಗೆ ಬಿದ್ದು ಪ್ರಾಣ ಕಳೆದುಕೊಳ್ಳುವ ಹಾಸ್ಯನಟನ ಪಾತ್ರ ಮಾಡಿದರು. ಅವರ ಗೆಳೆಯ, ನಟ ಫಿಲಿಪ್ ಲೋಬ್ 1955ರಲ್ಲಿ ಹಾಗೆಯೇ ಪ್ರಾಣ ಬಿಟ್ಟಿದ್ದರು. 1977ರ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಶೈಲಾಕ್ ಪಾತ್ರಕ್ಕೆ ತಯಾರಾಗಿದ್ದಾಗ ಮಾಸ್ಟೆಲ್ ತೀರಿಕೊಂಡರು. 62 ವರ್ಷ ವಯಸ್ಸು.

ಗಿಲ್ಫರ್ಡ್ ಅವರದು ಇನ್ನೂ ಉದ್ದದ ಹಾದಿ. 1966ರಲ್ಲಿ ‘ಕ್ಯಾಬರೆ’ ನಾಟಕದ ಹಣ್ಣಿನಂಗಡಿಯ ಮುದುಕ ಶುಲ್ಟ್ಸ್ ಆದರು. ಸಕ್ಕರೆಪಾಕದ ಪಾಪ್‌ಕಾರ್ನಿನ ಟಿವಿ ಜಾಹೀರಾತುಗಳಲ್ಲಿ ಮಾತಿಲ್ಲದೆ ಬರೀ ಮುಖದಲ್ಲೇ ನಗಿಸಿ ಮನೆಮಾತಾದರು. ‘ಸೇವ್ ದ ಟೈಗರ್’ ಸಿನಿಮಾಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. 1985ರ ‘ಕಕೂನ್’ ನೋಡಿದವರಿಗೆ ಅವರ ಮುಖ ಖಂಡಿತ ನೆನಪಿರುತ್ತದೆ. ತೀರಿಕೊಂಡದ್ದು 1990ರಲ್ಲಿ.

ಮುದಿ ಯಜಮಾನ ಸೆನೆಕ್ಸ್ ಆಗಿದ್ದ ಡೇವಿಡ್ ಬರ್ನ್ಸ್‌ಗೂ ಈ ನಾಟಕ ಟೋನಿ ತಂದುಕೊಟ್ಟಿತು. 1971ರಲ್ಲಿ ಇನ್ನೊಂದು ಹಾಡುನಾಟಕ ಆಡುತ್ತಿದ್ದಾಗ ರಂಗದ ಮೇಲೆಯೇ ಹೃದಯಾಘಾತವಾಗಿ ಕುಸಿದು, ಅಂದೇ ತೀರಿಕೊಂಡರು. ಜಂಬದ ಸೇನಾಧಿಪತಿಯಾಗಿದ್ದ ರಾನ್ ಹೋಲ್ಗೇಟ್ ಮುಂದೆ ‘1776’ ನಾಟಕದಲ್ಲಿ ಟೋನಿ ಗೆದ್ದರು.

ಸೂಡಲಸ್ ಪಾತ್ರಕ್ಕೆ ಮೊದಲು ಕೇಳಿದ್ದು ಮಾಸ್ಟೆಲ್ ಅವರನ್ನಲ್ಲ, ಟಿವಿಯ ಸಾರ್ಜೆಂಟ್ ಬಿಲ್ಕೋ ಪಾತ್ರದಿಂದ ಹೆಸರಾಗಿದ್ದ ಫಿಲ್ ಸಿಲ್ವರ್ಸ್ ಅವರನ್ನು. ಅವರು ಒಲ್ಲೆ ಎಂದರು. ಹತ್ತು ವರ್ಷದ ಮೇಲೆ, 1972ರಲ್ಲಿ, ಅದೇ ಪಾತ್ರ ಮಾಡಿ ಟೋನಿ ಪಡೆದರು. ಅದೇ ವರ್ಷ ಪಾರ್ಶ್ವವಾಯು ಬಡಿಯಿತು, ನಾಟಕ ನಿಂತಿತು. ಚಟಪಟ ಮಾತೇ ಬಂಡವಾಳವಾಗಿದ್ದ ಮನುಷ್ಯನಿಗೆ ಮಾತೇ ತೊಡಕಾಯಿತು. ಲಂಡನ್ನಿನಲ್ಲಿ 1963ರಲ್ಲಿ ಈ ಪಾತ್ರ ಮಾಡಿದವರು ಫ್ರ್ಯಾಂಕಿ ಹೋವರ್ಡ್. ಇನ್ನು ಮುಗಿಯಿತು ಅಂತ ಜನ ಕೈಬಿಟ್ಟಿದ್ದ ಅವರ ವೃತ್ತಿ ಆಗಷ್ಟೇ ಚೇತರಿಸಿಕೊಳ್ಳುತ್ತಿತ್ತು. ಈ ಪಾತ್ರ ಅದನ್ನು ಗಟ್ಟಿ ಮಾಡಿತು. ಮುಂದೆ ಬಿಬಿಸಿ ಟಿವಿಯ ‘ಅಪ್ ಪಾಂಪೆಯ್’ ಹಾಸ್ಯ ಧಾರಾವಾಹಿಯಲ್ಲಿ ಮತ್ತೆ ರೋಮನ್ ಗುಲಾಮನಾಗಿಯೇ ಮನೆಮನೆಗೆ ಬಂದರು.

ಇನ್ನೊಬ್ಬರ ಬಗ್ಗೆ ಹೇಳದಿದ್ದರೆ ಮನಸ್ಸಿಗೆ ಸಮಾಧಾನ ಆಗುವುದಿಲ್ಲ. 1996ರಲ್ಲಿ ನೇಥನ್ ಲೇನ್ ಸೂಡಲಸ್ ಆಗಿ ಟೋನಿ ಪಡೆದರು. ಅಲ್ಲಿಗೆ ಬ್ರಾಡ್‌ವೇಯಲ್ಲಿ ಈ ಪಾತ್ರ ಶುರು ಮಾಡಿದ ಮೂವರಿಗೂ ಟೋನಿ ಬಂದ ಹಾಗಾಯಿತು. ಆಮೇಲೆ ‘ದ ಪ್ರೊಡ್ಯೂಸರ್ಸ್’ 2001ರಲ್ಲಿ ರಂಗಕ್ಕೆ ಬಂದಾಗ, ಮಾಸ್ಟೆಲ್ ಸಿನಿಮಾದಲ್ಲಿ ಮಾಡಿದ್ದ ಪಾತ್ರವನ್ನು ಲೇನ್ ಮಾಡಿ ಮತ್ತೆ ಟೋನಿ ಗೆದ್ದರು. ಅವರ ಮೂರನೇ ಟೋನಿ 2018ರಲ್ಲಿ, ‘ಏಂಜಲ್ಸ್ ಇನ್ ಅಮೆರಿಕ’ ನಾಟಕದ ರಾಯ್ ಕೋನ್ ಪಾತ್ರಕ್ಕೆ. ಈ ರಾಯ್ ಕೋನ್ ನಿಜವಾಗಿ ಇದ್ದ ವಕೀಲ. ಕಮ್ಯುನಿಸ್ಟರ ಬೇಟೆ ನಡೆಸಿದ ಸೆನೆಟರ್ ಮೆಕಾರ್ಥಿಯ ಬಲಗೈ. ಮಾಸ್ಟೆಲ್ ಪಾತ್ರಗಳನ್ನು ಮಾಡಿದ ಹಾಸ್ಯನಟನೇ ಆ ಕಾಲದ ಕ್ರೌರ್ಯಕ್ಕೂ ಮುಖ ಕೊಟ್ಟರು.

ಈ ನಾಟಕ 1966ರಲ್ಲಿ ಸಿನಿಮಾ ಆಯಿತು. ಮಾಸ್ಟೆಲ್, ಗಿಲ್ಫರ್ಡ್ ಇಬ್ಬರೂ ತಮ್ಮ ಹಳೆಯ ಪಾತ್ರಗಳಲ್ಲೇ ಇದ್ದಾರೆ. ಸಿಲ್ವರ್ಸ್ ಇದ್ದಾರೆ. ಮೂಕಿ ಚಿತ್ರಗಳ ಕಾಲದ ಬಸ್ಟರ್ ಕೀಟನ್ ಕೂಡ ಇದ್ದಾರೆ. ಅದು ತೆರೆ ಕಾಣುವ ಮುಂಚೆಯೇ ಅವರು ತೀರಿಕೊಂಡಿದ್ದರು. ನಾಟಕದ ಹಲವು ಹಾಡುಗಳನ್ನು ಸಿನಿಮಾದಲ್ಲಿ ಕತ್ತರಿಸಿದ್ದಾರೆ, ಅದು ನನಗೆ ಬೇಸರ. ಪುಣ್ಯಕ್ಕೆ ಬಿಳಿ ಗೌನಿನ ಹಾಡು ಉಳಿದಿದೆ. ಮುಂದಿನ ಸಲ ಮೊಮ್ಮಗನ ಜೊತೆ ಮಾತಾಡುವಾಗ, ಇಬ್ಬರೂ ಒಟ್ಟಿಗೆ ಅದನ್ನು ಹಾಕಿಕೊಂಡು ನೋಡಿ. ಮಾಸ್ಟೆಲ್ ಕಣ್ಣು ಸೆಳೆಯುತ್ತಾರೆ, ಆದರೂ ನೀವು ಗಿಲ್ಫರ್ಡ್ ಅವರ ಮುಖವನ್ನೇ ನೋಡುತ್ತಿರಿ. ಆಮೇಲೆ ನಿಮ್ಮ ಹುಡುಗನನ್ನು ಒಂದು ಮಾತು ಕೇಳಿ: ಅವನು ಯಾವ ಸಾಲಿಗೆ ನಂಬಿದ? ಅವನು ಏನು ಹೇಳಿದ ಅಂತ ನನಗೂ ಒಂದು ಸಾಲು ಬರೆಯಿರಿ.