ಹುಡ್ ಬಿಚ್ಚಿದ ಜೀಪಿಗೆ ನಂಬರಿನ ಕನ್ನಡಕ ಎಂಥದ್ದು?

ಪ್ರಶ್ನೆ: ಹಳೆಯ ಜೀಪು ಕೊಂಡಿದ್ದೇನೆ. ಹುಡ್ ಬಿಚ್ಚಿಕೊಂಡು ದೇವಿಮನೆ ಘಟ್ಟದ ಮೇಲೆ ಶಿರಸಿಗೆ ಓಡಾಟ ಇದ್ದೇ ಇರುತ್ತದೆ. ವಯಸ್ಸು 48. ಎರಡೂ ಕಣ್ಣಿಗೆ ದೂರದ ನಂಬರು ಮೈನಸ್ 4, ಓದಲು ಪ್ಲಸ್ 1.75 ಸೇರಿಸಿದ ಪ್ರೋಗ್ರೆಸಿವ್ ಕನ್ನಡಕ (ದೂರಕ್ಕೂ ಓದಿಗೂ ಒಂದೇ ಲೆನ್ಸು). ಮುಂದಿನ ಗಾಜು ಎತ್ತಿಯೇ ಇದ್ದರೂ ಸ್ವಲ್ಪ ಜೋರಾಗಿ ಹೋದರೆ ಕಣ್ಣಲ್ಲಿ ನೀರು ಸುರಿಯುತ್ತದೆ. ಏನು ಮಾಡಿಸಲಿ?
– ಓದುಗರು, ಕುಮಟಾ

ಉತ್ತರ: ಮುಂದಿನ ಗಾಜು ಎದುರುಗಾಳಿಯನ್ನು ತಡೆಯುತ್ತದೆ, ನಿಜ. ಆದರೆ ಅದರ ಮೇಲಿಂದ ಹಾರಿಹೋದ ಗಾಳಿ ಸೀಟಿನ ಹಿಂದೆ ಸುಳಿಯಾಗಿ ತಿರುಗಿ, ಹಿಂದಿನಿಂದಲೂ ಪಕ್ಕದಿಂದಲೂ ನಿಮ್ಮ ಮುಖಕ್ಕೇ ಬರುತ್ತದೆ. ಮಾಮೂಲಿ ಕನ್ನಡಕದ ಕಡ್ಡಿಯ ಬದಿಯಲ್ಲೂ ಕೆನ್ನೆಯ ಮೇಲೂ ಬೆರಳು ತೂರುವಷ್ಟು ಸಂದು ಇರುತ್ತದೆ. ಆ ಸಂದಿನಲ್ಲಿ ನುಗ್ಗಿದ ಗಾಳಿ ಕಣ್ಣಿನ ಪಸೆಯನ್ನು ಆರಿಸುತ್ತದೆ, ಆರಿದ ಕಣ್ಣು ಉರಿದು ನೀರು ಸುರಿಸುತ್ತದೆ. ಹಾಗಾಗಿ ನೀವು ಮೊದಲು ನೋಡಬೇಕಾದದ್ದು ಲೆನ್ಸಿನ ಬಣ್ಣವನ್ನಲ್ಲ, ಫ್ರೇಮು ಮುಖಕ್ಕೆ ಎಷ್ಟು ಒತ್ತಿ ಕೂರುತ್ತದೆ ಎಂಬುದನ್ನು. ಹಿಂಬದಿಯ ಕ್ಯಾನ್ವಾಸ್ ಪರದೆ ಇಳಿಬಿಟ್ಟರೆ ಸುಳಿಯ ಜೋರೂ ಇಳಿಯುತ್ತದೆ. ಖರ್ಚಿಲ್ಲದ ಕೆಲಸ, ಇವತ್ತೇ ಮಾಡಿ ನೋಡಿ.

ಅಗ್ಗದ ದಾರಿ ಎಂದರೆ ಈಗಿರುವ ಕನ್ನಡಕದ ಮೇಲೆಯೇ ಹಾಕುವ ದೊಡ್ಡ ಗಾಗಲ್ಸ್. ನಿಮ್ಮ ಕನ್ನಡಕದ ಪೂರ್ತಿ ಅಗಲ, ಲೆನ್ಸಿನ ಎತ್ತರ ಎರಡನ್ನೂ ಸ್ಕೇಲಿನಲ್ಲಿ ಅಳೆದುಕೊಂಡು ಅಂಗಡಿಗೆ ಹೋಗಿ; ಗಾಗಲ್ಸಿನ ಒಳಗಿನ ಅಳತೆ ಅದಕ್ಕಿಂತ ನಾಲ್ಕೈದು ಮಿ.ಮೀ. ಹೆಚ್ಚಿರಬೇಕು. ಪ್ರೋಗ್ರೆಸಿವ್ ಇದ್ದ ಹಾಗೇ ಉಳಿಯುತ್ತದೆ ಎಂಬುದು ದೊಡ್ಡ ಅನುಕೂಲ. ಎರಡು ಲೆನ್ಸುಗಳ ನಡುವೆ ಹಬೆ ಕಟ್ಟುವುದು, ಎರಡು ಜೊತೆ ಕಡ್ಡಿ ಕಿವಿಯ ಮೇಲೆ ಒತ್ತುವುದು ಇದರ ತೊಂದರೆ. ಅಪರೂಪಕ್ಕೆ ಹೋಗುವವರಿಗೆ ಇಷ್ಟು ಸಾಕು. ವಾರವಾರ ಘಟ್ಟ ಹತ್ತುವವರು ನಂಬರು ಹಾಕಿದ, ಮುಖವನ್ನು ಸುತ್ತುವ ಬಾಗು ಫ್ರೇಮನ್ನೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಹೆಚ್ಚಿನವರು ಕೈ ಸುಟ್ಟುಕೊಳ್ಳುವುದು ಇಲ್ಲೇ. ಚಪ್ಪಟೆ ಫ್ರೇಮಿಗೆ ಬರೆದ ನಂಬರನ್ನು ಹಾಗೇ ಬಾಗು ಫ್ರೇಮಿಗೆ ಕೂರಿಸಿದರೆ ಲೆನ್ಸು ಕಣ್ಣಿನೆದುರು ಓರೆಯಾಗಿ ನಿಲ್ಲುತ್ತದೆ. ಮೈನಸ್ 4ರ ಲೆನ್ಸು 20 ಡಿಗ್ರಿ ಓರೆಯಾದರೆ, ಯಾರೂ ಬರೆಯದ ಸುಮಾರು ಅರ್ಧ ಡಯಾಪ್ಟರ್ (ನಂಬರಿನ ಅಳತೆ) ಸಿಲಿಂಡರ್, ಅಂದರೆ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವ ನಂಬರು, 90ರ ಅಕ್ಷದಲ್ಲಿ (ನೆಟ್ಟಗೆ) ಬಂದು ಸೇರುತ್ತದೆ, ಮೈನಸ್ಸೂ 4.15ರಷ್ಟಾದಂತೆ ವರ್ತಿಸುತ್ತದೆ. ತಿರುವಿನಲ್ಲಿ ರಸ್ತೆ ವಾಲಿದಂತೆ ಕಂಡು ತಲೆ ತಿರುಗುವುದು ಅದಕ್ಕೇ. ಲ್ಯಾಬಿನವರು ಫ್ರೇಮಿನ ಬಾಗು ಕೋನ ಹಿಡಿದು ನಂಬರನ್ನು ತಿದ್ದಿ ಲೆನ್ಸು ಕೊರೆಯುತ್ತಾರೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ‘ಎಲ್ಲ ಒಂದೇ ಸಾರ್’ ಎಂದರೆ ಆ ಅಂಗಡಿ ಬಿಡಿ. ಮೂಗಿನ ನಡುವಿನಿಂದ ಪಾಪೆಯ ಅಂತರವನ್ನು ಎಡಕ್ಕೂ ಬಲಕ್ಕೂ ಬೇರೆ ಬೇರೆ ಅಳೆಸಿ. ತಿದ್ದಿದ ನಂಬರು ಡಾಕ್ಟರ ಚೀಟಿಗೆ ಹೊಂದುವುದಿಲ್ಲ, ಗಾಬರಿ ಬೇಡ.

ಫ್ರೇಮಿನ ಬಾಗು ಬೇಸ್ 6 ಇರಲಿ (ಬೇಸ್ ಎಂದರೆ ಬಾಗಿನ ಅಳತೆ, ಅಂಕಿ ಏರಿದಷ್ಟೂ ಬಾಗು ಹೆಚ್ಚು). ಬೇಸ್ 8 ಮುಖವನ್ನು ಚೆನ್ನಾಗಿ ಸುತ್ತುತ್ತದೆ, ಆದರೆ ನಿಮ್ಮ ನಂಬರಿಗೆ ಓರೆ ಹೆಚ್ಚಾಗುತ್ತದೆ. ಉಳಿದ ಸಂದನ್ನು ಫೋಮ್ ಅಂಚು ಮುಚ್ಚಲಿ. ಲೆನ್ಸು ಪಾಲಿಕಾರ್ಬೊನೇಟ್ ಅಥವಾ ಟ್ರೈವೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದಿರಲಿ. ಚಿರೆಕಲ್ಲಿನ ಲಾರಿಯ ಹಿಂದೆ ಹೋಗುವಾಗ ಹರಳು ಬಡಿದರೂ ಇವು ಚೂರಾಗುವ ಸಂಭವ ಬಹಳ ಕಡಿಮೆ. ಸಿಆರ್-39 ಎಂಬ ಮಾಮೂಲಿ ಪ್ಲಾಸ್ಟಿಕ್ ಲೆನ್ಸಿಗೆ ಆ ಗಟ್ಟಿತನ ಇಲ್ಲ. ಟ್ರೈವೆಕ್ಸಿನಲ್ಲಿ ಲೆನ್ಸಿನ ಅಂಚಿನಿಂದ ನೋಡಿದಾಗ ಕಾಣುವ ಬಣ್ಣದ ಗೆರೆ ಕಡಿಮೆ, ಬೆಲೆ ಹೆಚ್ಚು. ಅಗಲ ಫ್ರೇಮಿನಲ್ಲಿ ದಪ್ಪವನ್ನೂ ಲೆಕ್ಕ ಹಾಕಿ: ಪಾಲಿಕಾರ್ಬೊನೇಟ್ ನಡುವೆ 2 ಮಿ.ಮೀ. ಇದ್ದರೆ, ನಡುವಿನಿಂದ 30 ಮಿ.ಮೀ. ದೂರದ ಅಂಚಿನಲ್ಲಿ ಸುಮಾರು 5 ಮಿ.ಮೀ. ಆಗುತ್ತದೆ. ಆದ್ದರಿಂದ ಆದಷ್ಟು ಚಿಕ್ಕ ಫ್ರೇಮು ಆರಿಸಿ.

ಬಾಗು ಫ್ರೇಮಿನಲ್ಲಿ ಪ್ರೋಗ್ರೆಸಿವ್ ಬೇಡ ಎಂಬುದು ನಮ್ಮ ಅಭಿಪ್ರಾಯ. ಬದಿಯ ಮಸುಕು ಹೆಚ್ಚಾಗಿ, ಕನ್ನಡಿ ನೋಡಲು ಪ್ರತಿ ಸಲ ತಲೆ ಹೊರಳಿಸಬೇಕಾಗುತ್ತದೆ. ದೂರದ ನಂಬರು ಮಾತ್ರ ಹಾಕಿಸಿ. ಸ್ಪೀಡೋಮೀಟರು ಕಣ್ಣಿನಿಂದ ಸುಮಾರು 70 ಸೆಂ.ಮೀ. ದೂರ, ಅಂಕಿ ಕೊಂಚ ಮಸುಕಾದರೂ ಮುಳ್ಳು ತಿಳಿಯುತ್ತದೆ. ಆರ್ಡರ್ ಕೊಡುವ ಮೊದಲು ಪರೀಕ್ಷೆಯ ಫ್ರೇಮಿನಲ್ಲಿ ದೂರದ ನಂಬರು ಮಾತ್ರ ಹಾಕಿಸಿಕೊಂಡು ನಿಮ್ಮ ಜೀಪಿನಲ್ಲೇ ಕೂತು ನೋಡಿ. ಓದಲು ಚಾಳೀಸು ಬೇರೆ ಇಟ್ಟುಕೊಳ್ಳಿ.

ಕೊಂಡ ಮೇಲೆ ಮನೆಯಲ್ಲಿ ಟೇಬಲ್ ಫ್ಯಾನನ್ನು ಪೂರ್ತಿ ಜೋರಿಗಿಟ್ಟು ಎದುರು, ಎಡ, ಬಲ, ಗಲ್ಲದ ಕೆಳಗಿನಿಂದ ಒಂದೊಂದು ನಿಮಿಷ ಗಾಳಿ ಹಿಡಿಯಿರಿ. ಎಲ್ಲಿ ತಣ್ಣಗಾಯಿತೋ ಅಲ್ಲೇ ಸಂದು. ಗಾಳಿಗಂಡಿಯೇ ಇಲ್ಲದ ಫೋಮಿನ ಫ್ರೇಮು ಮಾತ್ರ ಕೊಳ್ಳಬೇಡಿ. ಘಟ್ಟದ ಏರಿನಲ್ಲಿ ಲಾರಿಯ ಹಿಂದೆ ತೆವಳುವಾಗ ಬೆವರಿನ ಹಬೆಗೆ ಎರಡೂ ಲೆನ್ಸು ಬೆಳ್ಳಗಾಗುತ್ತವೆ, ಅದು ಗಾಳಿಗಿಂತ ಅಪಾಯ.

ಪ್ರಶ್ನೆ: ಮಳೆ ಶುರುವಾಗುವ ಹೊತ್ತಿಗೆ ಸಂಜೆ ಹಾತೆಗಳು ಮುಖಕ್ಕೆ ಬಡಿಯುತ್ತವೆ. ರಾತ್ರಿಗೆ ಹಳದಿ ಲೆನ್ಸು ಒಳ್ಳೆಯದೆನ್ನುತ್ತಾರೆ. ಹಗಲು ಕಪ್ಪಾಗುವ, ರಾತ್ರಿ ತಿಳಿಯಾಗುವ ಲೆನ್ಸು ಒಂದೇ ಸಾಕಾಗದೇ?
– ಓದುಗರು, ಶಿರಸಿ

ಉತ್ತರ: ಹಳದಿ ಬೇಡ. ಎದುರಿನ ದೀಪ ಮೆತ್ತಗಾದಂತೆ ಅನ್ನಿಸಿದರೂ, ಕಪ್ಪು ಬಟ್ಟೆ ಹಾಕಿ ಅಂಚಿನಲ್ಲಿ ನಡೆಯುವವರಿಂದ ಬರುವ ಬೆಳಕೂ ಕಡಿಮೆಯಾಗುತ್ತದೆ. 75 ಶೇಕಡಕ್ಕಿಂತ ಕಡಿಮೆ ಬೆಳಕು ಬಿಡುವ ಯಾವ ಲೆನ್ಸೂ ರಾತ್ರಿ ವಾಹನ ನಡೆಸಲು ತಕ್ಕದ್ದಲ್ಲ. ಪ್ರತಿಫಲನ ತಡೆಯುವ ಲೇಪನದ ಪೂರ್ತಿ ತಿಳಿ ಲೆನ್ಸು ಹಾಕಿ.

ಕಪ್ಪಾಗುವ ಲೆನ್ಸು ಅತಿನೇರಳೆ ಕಿರಣದಿಂದ ಕೆಲಸ ಮಾಡುತ್ತದೆ. ಮುಂದಿನ ಗಾಜು ಅದರ ಬಹುಪಾಲನ್ನು ತಡೆಯುವುದರಿಂದ ಎದುರಿನ ಬಿಸಿಲಿಗೆ ಸರಿಯಾಗಿ ಕಪ್ಪಾಗದು. ಹುಡ್ ಇಲ್ಲದ್ದಕ್ಕೆ ಮೇಲಿನ ಬಿಸಿಲಿಗೆ ಕಪ್ಪಾಗಿಬಿಟ್ಟರೆ, ಕಾಡಿನ ನೆರಳಿಗೆ ಹೊಕ್ಕಾಗ ತಿಳಿಯಾಗಲು ನಿಮಿಷಗಳೇ ಬೇಕು. ಒಂದು ತಿಳಿ, ಒಂದು ಬೂದು, ಎರಡು ಜೊತೆ ಇಟ್ಟುಕೊಳ್ಳಿ. ಬೂದು 2ನೇ ವರ್ಗದ್ದಿರಲಿ (ವರ್ಗದ ಅಂಕಿ ಏರಿದಷ್ಟೂ ಲೆನ್ಸು ಕಪ್ಪು): 18ರಿಂದ 43 ಶೇಕಡ ಬೆಳಕು ಬಿಡುವಂಥದ್ದು. ಬರೀ ಕರಾವಳಿಯ ಬಿಸಿಲಿಗಾದರೆ 3ನೇ ವರ್ಗವೂ ಆದೀತು, 4ನೇ ವರ್ಗ ವಾಹನ ನಡೆಸುವವರಿಗೆ ಕೂಡದು.

ಪ್ರಶ್ನೆ: ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೇನೆ. ಮೇಲೆ ಬರೀ ಪೋಲರಾಯ್ಡ್ ಗಾಗಲ್ಸ್ ಸಾಕೇ? ಸಮುದ್ರದ ಉಪ್ಪು ಒರೆಸಿ ಒರೆಸಿ ಲೆನ್ಸಿನ ತುಂಬ ಗೀರು.
– ಓದುಗರು, ಕಾರವಾರ

ಉತ್ತರ: ಸಾಕು, ಫೋಮ್ ಅಂಚಿದ್ದರೆ ಮಾತ್ರ. ಮೆದು ಲೆನ್ಸು ಗಾಳಿಗೆ ಬೇಗ ಒಣಗಿ ಕಣ್ಣಿಗೆ ಅಂಟುತ್ತದೆ. ಅದರಡಿ ಧೂಳು ಹೊಕ್ಕರೆ ಉಜ್ಜಬೇಡಿ. ಗಾಡಿ ಬದಿಗೆ ನಿಲ್ಲಿಸಿ, ಕೈ ತೊಳೆದು ಒಣಗಿಸಿಕೊಂಡು ಲೆನ್ಸು ತೆಗೆಯಿರಿ. ಅದಕ್ಕೇ ನಂಬರಿನ ಕನ್ನಡಕ ಸದಾ ಗಾಡಿಯಲ್ಲಿರಬೇಕು. ಕಾರವಾರದಿಂದ ಅಂಕೋಲೆಗೆ ಬರುವಾಗ ಸಮುದ್ರ ಚಾಲಕರ ಬಲಗಡೆ. ನೀರಿನ ಮೇಲಿನ ಝಳಪು ಪೋಲರಾಯ್ಡಿನಿಂದ ಚೆನ್ನಾಗಿ ಇಳಿಯುತ್ತದೆ. ಆದರೆ ಮೊಬೈಲ್ ಪರದೆ ಕೆಲವು ಕೋನದಲ್ಲಿ ಕಪ್ಪಾಗುತ್ತದೆ, ಒದ್ದೆ ರಸ್ತೆಯ ಹೊಳಪೂ ಮಾಯವಾಗಿ ಜಾರುವ ಜಾಗ ಗೊತ್ತಾಗದೆ ಹೋಗಬಹುದು. ಮಳೆಗಾಲದಲ್ಲಿ ಅದನ್ನು ತೆಗೆದಿಡಿ.

ಉಪ್ಪನ್ನು ಒಣದಾಗಿ ಒರೆಸಿದರೆ ಹರಳೇ ಗೀರುತ್ತದೆ. ಮೊದಲು ಸಿಹಿನೀರು ಸುರಿಯಿರಿ, ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನು ಬೆರಳಲ್ಲಿ ಸವರಿ, ಮತ್ತೆ ನೀರು ಬಿಟ್ಟು, ಮೈಕ್ರೋಫೈಬರ್ ಬಟ್ಟೆಯನ್ನು ಒತ್ತಿ ನೀರು ಹೀರಿಸಿ. ಪೆಟ್ರೋಲು, ಥಿನ್ನರು, ಅಸಿಟೋನು ತಾಗಿಸಬೇಡಿ. ಪಾಲಿಕಾರ್ಬೊನೇಟ್ ಮಬ್ಬಾಗಿ ಬಿರುಕು ಬಿಡುತ್ತದೆ. ಬಿಸಿಲಿನಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೂ ಲೇಪನ ಸೀಳುತ್ತದೆ. ಫೋಮನ್ನು ವಾರಕ್ಕೊಮ್ಮೆ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಆರಿಸಿ. ಉಪ್ಪಿಗೆ ಅದು ಗಟ್ಟಿಯಾಗಿ ಮುಖ ಬಿಟ್ಟು ನಿಂತಿದ್ದರೆ ಬದಲಾಯಿಸಿ.