ಬ್ಯಾಡ್ಜ್ ವರದಿಯಲ್ಲಿ ಸೊನ್ನೆ ಇದ್ದರೂ ಮೂತ್ರದ ಮಾದರಿ ಏಕೆ?

ಪ್ರಯೋಗಾಲಯದಲ್ಲಿ ವಿಕಿರಣ ಸೂಸುವ ಟ್ರಿಟಿಯಂ (ಹೈಡ್ರೋಜನ್‌ನ ಒಂದು ರೂಪ) ಮತ್ತು ಅಯೋಡಿನ್-125 ಬಳಸುತ್ತೇನೆ, ಎದೆಗೆ ಸಿಕ್ಕಿಸಿಕೊಳ್ಳುವ ವಿಕಿರಣ ಅಳೆಯುವ ಬ್ಯಾಡ್ಜಿನ ವರದಿ ಪ್ರತಿ ಸಲವೂ ಸೊನ್ನೆ, ಆದರೂ ಮೂತ್ರದ ಮಾದರಿ ಕೊಡಿ ಎಂದು ಪೀಡಿಸುತ್ತಾರೆ ಎಂದಿದ್ದೀರಿ. ನಾನು ವಿಕಿರಣ ಸುರಕ್ಷತೆಯ ಕೆಲಸದವನು. ಹೀಗೆ ಪೀಡಿಸಿ ಬೈಸಿಕೊಳ್ಳುವವರಲ್ಲಿ ಒಬ್ಬ.

ಮೊದಲು ಆ ಸೊನ್ನೆಯ ವಿಚಾರ. ಡೋಸ್, ಅಂದರೆ ಮೈಗೆ ತಗಲಿದ ವಿಕಿರಣದ ಪ್ರಮಾಣ, ಒಂದು ಮಟ್ಟಕ್ಕಿಂತ ಕಡಿಮೆಯಿದ್ದರೆ ವರದಿಯಲ್ಲಿ ಸೊನ್ನೆ ಎಂದೇ ಬರೆಯುವುದು ರೂಢಿ. ಹಲವೆಡೆ ಆ ಮಟ್ಟ ಸುಮಾರು 0.1 ಮಿಲಿಸೀವರ್ಟ್ (ಡೋಸ್ ಅಳೆಯುವ ಮಾನ). ಪ್ರಕೃತಿಯಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ. ಕೆಲಸಗಾರರಿಗೆ ಅಂತರರಾಷ್ಟ್ರೀಯವಾಗಿ ಶಿಫಾರಸು ಮಾಡಿರುವ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20. ಹಾಗಾಗಿ ಸೊನ್ನೆ ಕಂಡರೆ ನೆಮ್ಮದಿಯಾಗಿರಬಹುದು, ಆದರೆ ಬ್ಯಾಡ್ಜಿಗೆ ಕಾಣಬಲ್ಲ ವಿಕಿರಣದ ಮಟ್ಟಿಗೆ ಮಾತ್ರ.

ಟ್ರಿಟಿಯಂ ಅದಕ್ಕೆ ಕಾಣುವುದೇ ಇಲ್ಲ. ಅದು ಸೂಸುವ ವಿಕಿರಣವಾದ ಬೀಟಾ ಕಣಗಳು ಗಾಳಿಯಲ್ಲಿ ಕೆಲವೇ ಮಿಲಿಮೀಟರ್ ಸಾಗಿ ನಿಲ್ಲುತ್ತವೆ, ಚರ್ಮದ ಮೇಲ್ಪದರವನ್ನೂ ದಾಟಲಾರವು. ಎದೆಯ ಮೇಲಿನ ಬ್ಯಾಡ್ಜ್ ವರ್ಷವಿಡೀ ಟ್ರಿಟಿಯಂ ಸೀಸೆಯ ಎದುರು ಕುಳಿತರೂ ಸೊನ್ನೆಯನ್ನೇ ಹೇಳುತ್ತದೆ. ಅಪಾಯವಿರುವುದು ಅದು ಒಳಗೆ ಹೋದಾಗ. ಟ್ರಿಟಿಯಂ ಸೇರಿದ ನೀರಿನ ಆವಿ ಉಸಿರಿನ ಮೂಲಕವೂ ಚರ್ಮದ ಮೂಲಕವೂ ಒಳಹೊಕ್ಕು, ಕೆಲವೇ ಗಂಟೆಗಳಲ್ಲಿ ಮೈಯ ನೀರಿನೊಂದಿಗೆಲ್ಲ ಬೆರೆತುಬಿಡುತ್ತದೆ. ಆಮೇಲೆ ಕೊಟ್ಟ ಒಂದು ಮಾದರಿಯಿಂದಲೇ ಇಡೀ ದೇಹದ ಲೆಕ್ಕ ಸಿಗುತ್ತದೆ, ಏಕೆಂದರೆ ಮೂತ್ರವೂ ಅದೇ ನೀರು. ಹೊಕ್ಕಿದ್ದರಲ್ಲಿ ಅರ್ಧದಷ್ಟು ಸುಮಾರು ಹತ್ತು ದಿನಗಳಲ್ಲಿ ಹೊರಹೋಗುವುದರಿಂದ, ತಿಂಗಳುಗಟ್ಟಲೆ ತಡಮಾಡಿ ಕೊಟ್ಟ ಮಾದರಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ನಾವು ಬೆನ್ನುಬೀಳುವುದು ಇದಕ್ಕೇ. (ನೀವು ಬಳಸುವುದು ಟ್ರಿಟಿಯಂ ಜೋಡಿಸಿದ ಸಾವಯವ ಸಂಯುಕ್ತವಾದರೆ ಲೆಕ್ಕ ಬೇರೆ, ಅಂಥವುಗಳಲ್ಲಿ ಕೆಲವು ದೇಹದಲ್ಲಿ ಹೆಚ್ಚು ಕಾಲ ಉಳಿಯುತ್ತವೆ. ಸಂಯುಕ್ತದ ಹೆಸರನ್ನು ಮಾದರಿಯ ಚೀಟಿಯ ಮೇಲೆ ಬರೆದು ಕೊಡಿ.)

ಅಯೋಡಿನ್-125 ಹಾಗಲ್ಲ. ಹೊರಗಿರುವ ಅಯೋಡಿನ್‌ನ ವಿಕಿರಣ ಬ್ಯಾಡ್ಜಿಗೆ ಅಷ್ಟಿಷ್ಟು ಕಾಣುತ್ತದೆ, ಆದರೆ ಒಳಹೋದದ್ದು ಥೈರಾಯಿಡ್ ಗ್ರಂಥಿಯಲ್ಲಿ ಸೇರಿಕೊಳ್ಳುತ್ತದೆ. ಅದಕ್ಕೆ ಕುತ್ತಿಗೆಯ ಮುಂದೆ ಎಣಿಕೆಯಂತ್ರ ಹಿಡಿದು ಅಳೆಯಬೇಕು. ನಿಮ್ಮಲ್ಲಿ ಈ ತಪಾಸಣೆ ನಡೆಯದಿದ್ದರೆ ನೀವೇ ಕೇಳಿ ಮಾಡಿಸಿಕೊಳ್ಳಿ. ಮೂತ್ರದ ಮಾದರಿಗಿಂತ ನನಗೆ ಅದರದೇ ಚಿಂತೆ. ಗ್ರಂಥಿ ಹೀರಿಕೊಳ್ಳಲು ಒಂದು ದಿನವಾದರೂ ಬೇಕು, ಆದ್ದರಿಂದ ಬಳಸಿದ ಮಾರನೆಯ ದಿನವೋ ಅದರ ಮರುದಿನವೋ ಹೋಗಿ. ಹೋಗುವಾಗ ಒಗೆದ ಅಂಗಿ ತೊಟ್ಟಿರಿ. ಕಾಲರಿಗೆ ಸಿಡಿದ ಹನಿಯನ್ನೂ ಯಂತ್ರ ನಿಮ್ಮ ಗ್ರಂಥಿಯ ಲೆಕ್ಕಕ್ಕೇ ಸೇರಿಸಿಬಿಡುತ್ತದೆ.